ದೊಡ್ಡಪ್ಪನ ಗದ್ದೆಗೆ ನಮ್ಮ ಪೈರು

ನಮ್ಮೂರಲ್ಲಿ ಮಾತು ಬಿಡುವುದು ಎಂದರೆ ಹುಡುಗಾಟವಲ್ಲ. ಇವತ್ತು ಜಗಳ ಆಡಿ ನಾಳೆ ಹಲ್ಲು ಕಿರಿಯುವುದೆಲ್ಲ ಪಟ್ಟಣದವರ ಬುದ್ಧಿ. ನಮ್ಮವ್ವ ನನ್ನ ದೊಡ್ಡಪ್ಪನ ಜೊತೆ ಮಾತು ಬಿಟ್ಟಾಗ ನಾನು ಹೈಸ್ಕೂಲಿನಲ್ಲಿದ್ದೆ. ಈಗ ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತದೆ. ಆದರೂ ಇಷ್ಟು ವರ್ಷದಲ್ಲಿ ಒಂದು ‘ಹೂಂ’ ಕೂಡ ಆ ಗೋಡೆ ದಾಟಿಲ್ಲ.

ಎಲ್ಲಕ್ಕೂ ನಾಲೆ ನೀರೇ ಕಾರಣ. ಆಗ ಅಪ್ಪ ಕಾಯಿಲೆ ಬಿದ್ದು ಮಂಡ್ಯದಲ್ಲಿ ಆಸ್ಪತ್ರೆ ಸೇರಿದ್ದರು, ಅವ್ವ ಅವರ ಮಂಚದ ಪಕ್ಕ ಕೂತಿದ್ದಳು. ಆ ವಾರದ ನೀರಿನ ಸರದಿ ನಮ್ಮದು. ಅಪ್ಪನ ಒಡಹುಟ್ಟಿದ ಅಣ್ಣನಾದ ದೊಡ್ಡಪ್ಪ ಯಾರನ್ನೂ ಒಂದು ಮಾತು ಕೇಳದೆ ನೀರನ್ನು ತಮ್ಮ ಗದ್ದೆಗೆ ತಿರುಗಿಸಿಕೊಂಡರು. ತೆನೆ ಹೊರಡುವ ಹೊತ್ತಿನಲ್ಲಿದ್ದ ನಮ್ಮ ಭತ್ತ ಜೊಳ್ಳಾಗಿ ಹೋಯಿತು. ಅವ್ವ ಬಂದು ಗದ್ದೆ ನೋಡಿದಳು. ಅವರ ಬಾಗಿಲಿಗೆ ಹೋಗಿ ಮಣ್ಣು ತೂರಲಿಲ್ಲ, ಶಾಪ ಹಾಕಲಿಲ್ಲ. ಮಾತು ನಿಲ್ಲಿಸಿದಳು, ಅಷ್ಟೇ. ಮುಂದೆ ಕೆಲವು ವರ್ಷಕ್ಕೆ ಅಪ್ಪ ತೀರಿಕೊಂಡಾಗ ದೊಡ್ಡಪ್ಪ ಚಟ್ಟಕ್ಕೆ ಹೆಗಲು ಕೊಟ್ಟರು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅವತ್ತೂ ಇಬ್ಬರೂ ಮಾತಾಡಲಿಲ್ಲ.

ಆದರೆ ಗದ್ದೆ ಪಕ್ಕಪಕ್ಕ ಇದ್ದ ಮೇಲೆ ಹೇಳಬೇಕಾದ್ದು, ಕೇಳಬೇಕಾದ್ದು ಇದ್ದೇ ಇರುತ್ತದಲ್ಲ! ಅದಕ್ಕೆ ಇಬ್ಬರೂ ಒಂದು ದಾರಿ ಮಾಡಿಕೊಂಡಿದ್ದರು. ಅವ್ವ ಕೋಳಿಗಳಿಗೆ ಹೇಳುತ್ತಿದ್ದಳು, ದೊಡ್ಡಪ್ಪ ತಮ್ಮ ಎತ್ತಿಗೆ ಹೇಳುತ್ತಿದ್ದರು. “ಏ ಕೋಳಿ, ನಾಳೆ ಕರೆಂಟು ಇಲ್ವಂತೆ, ಮೋಟ್ರು ಓಡ್ಸೋರು ಇವತ್ತೇ ಓಡುಸ್ಕಬೇಕು” ಎಂದು ಅವ್ವ ಹಿತ್ತಲಲ್ಲಿ ಕೂಗಿದರೆ, ಗೋಡೆಯ ಆಚೆ ದೊಡ್ಡಪ್ಪ ಕೆಮ್ಮುತ್ತಿದ್ದರು. ಕೆಮ್ಮಿದರೆ ಕೇಳಿಸಿತು ಎಂದರ್ಥ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಇದನ್ನೆಲ್ಲ ನೋಡಿ ಅತ್ತೆಗೆ ಏನೋ ಆಗಿದೆ ಎಂದೇ ತಿಳಿದಿದ್ದರು.

ಈಗ ಹೇಳಹೊರಟದ್ದು ಈಚೆಗೆ ಒಂದು ವರ್ಷ ನಡೆದದ್ದು. ನಾನು ಮದ್ದೂರಿನಲ್ಲಿ ಮನೆ ಮಾಡಿಕೊಂಡು ಮಂಡ್ಯದ ಕಚೇರಿಯೊಂದಕ್ಕೆ ಓಡಾಡುವವಳು. ಮಳವಳ್ಳಿ ದಾರಿಯಲ್ಲಿರುವ ನಮ್ಮೂರಲ್ಲಿ ಅವ್ವ ಒಬ್ಬಳೇ ಬೇಸಾಯ ನೋಡಿಕೊಳ್ಳುತ್ತಾಳೆ. ಬಿಟ್ಟು ಬಾ ಎಂದರೆ ಬಾಯಿಗೆ ಬಂದ ಹಾಗೆ ಬೈಯುತ್ತಾಳೆ. ಆ ವರ್ಷ ನಾಲೆಗೆ ನೀರು ತಡವಾಗಿ ಬಂತು. ಅವ್ವನ ಗದ್ದೆ, ದೊಡ್ಡಪ್ಪನ ಗದ್ದೆ ಎರಡೂ ಕೆಸರು ಹೊಡೆಸಿಕೊಂಡು, ನೀರು ನಿಲ್ಲಿಸಿಕೊಂಡು, ನಾಟಿಗೆ ಸಿದ್ಧವಾಗಿ ಮಲಗಿದ್ದವು. ನಡುವೆ ಒಂದು ಬದು. ನೋಡಿದವರಿಗೆ ಎರಡೂ ಒಂದೇ.

ನಾಟಿಯ ಹಿಂದಿನ ದಿನ ಅವ್ವನಿಗೆ ಜ್ವರ ಬಂತು. ಒಟ್ಲಿನಿಂದ, ಅಂದರೆ ಸಸಿ ಮಡಿಯಿಂದ, ಕಿತ್ತ ಪೈರಿನ ಕಟ್ಟುಗಳನ್ನು ಟ್ರ್ಯಾಕ್ಟರಿನವನು ತಂದು ನಡುವಿನ ಬದುವಿನ ಮೇಲೆ ಹಾಕಿ ಹೋದ. ನಾಟಿಗೆ ಬರುವವರು ಪೂರಿಗಾಲಿ ಕಡೆಯ ಹೆಂಗಸರು. ಗುತ್ತಿಗೆ ಮಾತಾಡಿಕೊಂಡು ಬೆಳಕು ಹರಿಯುವ ಮೊದಲೇ ಗೂಡ್ಸ್ ಆಟೋದಲ್ಲಿ ಬಂದಿಳಿಯುತ್ತಾರೆ. ಅವರನ್ನು ಕರೆತರುವ ಹೆಂಗಸಿಗೆ ಅವ್ವ ಫೋನಿನಲ್ಲಿ, “ಬದಿನ್ ಮ್ಯಾಲೆ ಪೈರು ಆಕ್ಸಿವ್ನಿ, ನೀವು ಸುರು ಮಾಡ್ಕಳ್ರವ್ವ, ನಂಗೆ ಮೈಗೆ ಉಸಾರಿಲ್ಲ” ಎಂದಿದ್ದಳು. ಅವರು ಬಂದರು. ಬದುವಿನ ಆಚೆ ಈಚೆ ನೋಡಿದರು. ಒಂದು ಗದ್ದೆಯ ಮೂಲೆಯಲ್ಲಿ ಸಗಣಿ ಉಂಡೆಗೆ ಗರಿಕೆ ಸಿಕ್ಕಿಸಿದ ಬೆನಕ, ಅರಿಶಿನ ಕುಂಕುಮ, ಒಡೆದ ತೆಂಗಿನಕಾಯಿ. ಇನ್ನೊಂದರಲ್ಲಿ ಏನೂ ಇಲ್ಲ. ಪೂಜೆಯಾಗದ ಗದ್ದೆಗೆ ಯಾರಾದರೂ ನಾಟಿ ಹಾಕುತ್ತಾರೆಯೇ? ಸೆರಗು ಸಿಕ್ಕಿಸಿಕೊಂಡು ಪೂಜೆಯಾದ ಗದ್ದೆಗೆ ಇಳಿದೇಬಿಟ್ಟರು.

ಆ ಪೂಜೆ ಮಾಡಿದ್ದವರು ದೊಡ್ಡಪ್ಪ. ಒಳ್ಳೆಯ ದಿನ ಎಂದು ಹಿಂದಿನ ಸಂಜೆಯೇ ಮುಗಿಸಿ, ಬೆಳಿಗ್ಗೆ ಯಾವುದೋ ನೆಂಟರ ಮನೆಗೆಂದು ಮಳವಳ್ಳಿಗೆ ಹೋಗಿದ್ದರು. ಅವರ ನಾಟಿ ಇದ್ದದ್ದು ಮಾರನೆಯ ದಿನ. ಅವ್ವ ಜ್ವರದಲ್ಲಿ ಪೂಜೆ ಮಾಡಿರಲಿಲ್ಲ.

ನಾನು ರಜಾ ಹಾಕಿ, ಕ್ಯಾನಿನ ತುಂಬ ಟೀ ತೆಗೆದುಕೊಂಡು ಸ್ಕೂಟರಿನಲ್ಲಿ ಹೋಗುವ ಹೊತ್ತಿಗೆ ಕೆಲಸ ಮುಗಿಯುತ್ತ ಬಂದಿತ್ತು. ಎಂಥ ನಾಟಿ! ಸಾಲೆಂದರೆ ಸಾಲು. ಕಣ್ತುಂಬ ನೋಡುತ್ತ ನಿಂತವಳು ಬದುವಿನ ಈಚೆ ತಿರುಗಿ ನೋಡಿದೆ. ನಮ್ಮ ಗದ್ದೆ ಬರೀ ಕೆಸರು ನೀರು. ಕೈಯಲ್ಲಿದ್ದ ಕ್ಯಾನು ಜಾರಿ ಟೀಯೆಲ್ಲ ಬದುವಿನ ಪಾಲಾಯಿತು.

“ಅಯ್ಯೋ ನಿಮ್ಮ ಮನೆ ಹಾಳಾಗ! ಯಾರ ಗದ್ದೆಗೆ ಹಾಕಿದ್ದೀರ್ರೀ?”

ಕರೆತಂದಿದ್ದ ಹೆಂಗಸು ನೆಟ್ಟಗೆ ನಿಂತಳು. “ಪೂಜೆ ಮಾಡಿದ್ ಗದ್ದೆಗೆ ಕಣಕ್ಕ.”

“ಅದು ನಮ್ಮ ದೊಡ್ಡಪ್ಪನದು!”

ಅವಳ ಮುಖ ಸುಣ್ಣವಾಯಿತು. ಕೆಸರಿನ ಕೈಯನ್ನೇ ಬಾಯಿಗೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದು ಕೂತಳು. ಪೈರು ಒಂದು ಕಟ್ಟೂ ಉಳಿದಿರಲಿಲ್ಲ. ಹೊಸದಾಗಿ ಒಟ್ಲು ಹಾಕಿ ಬೆಳೆಸುವುದರೊಳಗೆ ನಾಲೆಯ ನೀರು ಮುಗಿದಿರುತ್ತದೆ. ಅಂದರೆ ಆ ವರ್ಷ ನಮಗೆ ಬೆಳೆಯಿಲ್ಲ. ಅವ್ವನ ಮನೆಗೆ ಅಕ್ಕಿಯಿಲ್ಲ, ಬೆಳೆಯ ದುಡ್ಡಿನಲ್ಲಿ ಕೊಟ್ಟಿಗೆಗೆ ಶೀಟು ಹಾಕಿಸಬೇಕೆಂದಿದ್ದದ್ದೂ ಇಲ್ಲ. ಎಲ್ಲವೂ ಮಾತು ಬಿಟ್ಟ ಮನುಷ್ಯನ ಗದ್ದೆಯಲ್ಲಿ ಹಸಿರಾಗಿ ನಿಂತಿತ್ತು. ಅವರಿಗೆ ಪುಕ್ಕಟೆ ಪೈರು, ಪುಕ್ಕಟೆ ನಾಟಿ.

“ಕೀಳ್ರೀ, ಎಲ್ಲ ಕಿತ್ತು ಈ ಕಡೆ ನೆಡಿ” ಎಂದು ನಾನು ಕಿರುಚಿದೆ. ಹೆಂಗಸರು ಅಲುಗಲಿಲ್ಲ. ನೆಟ್ಟ ಪೈರನ್ನು ಕೀಳುವುದು ಬಸುರಿಯನ್ನು ಒದ್ದಷ್ಟೇ ಪಾಪ ಎಂದಳು ಒಬ್ಬಳು. ಅಷ್ಟರಲ್ಲಿ ಸುದ್ದಿ ಹೇಗೆ ಮುಟ್ಟಿತೋ, ಅವ್ವ ತಲೆಗೆ ಟವಲು ಸುತ್ತಿಕೊಂಡು, ನಡುಗುತ್ತ ಬಂದಳು. ಬಂದವಳು ಎರಡೂ ಗದ್ದೆ ನೋಡಿದಳು. ಬೆನಕನನ್ನೂ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

“ಕೂಲಿ ಬ್ಯಾಡ ಕಣಕ್ಕ. ತಪ್ಪಾಗೋಯ್ತು. ಕಾಲಿಗ್ ಬೀಳ್ತೀನಿ” ಎಂದಳು ಆ ಹೆಂಗಸು.

“ಯಾಕವ್ವ ಬ್ಯಾಡ? ನಿಮ್ ಸೊಂಟ ಬಗ್ಗಿದ್ದು ಸುಳ್ಳಾ?” ಎಂದು ಅವ್ವ ಸೊಂಟದ ಚೀಲ ಬಿಚ್ಚಿದಳು. ಮಾತಾಡಿದ್ದ ಗುತ್ತಿಗೆ ದುಡ್ಡು ಪೂರ್ತಿ ಕೊಟ್ಟಳು. ನಾನು ಅವಳ ತೋಳು ಹಿಡಿದು ಜಗ್ಗಿದೆ. “ಬೆಳೆಯೂ ಹೋಯ್ತು, ದುಡ್ಡೂ ಹೋಯ್ತು. ತಲೆ ಕೆಟ್ಟಿದೆಯಾ ನಿನಗೆ?” ಅವ್ವ ನನ್ನ ಕೈ ಕೊಡವಿ, “ನೀನು ಬಾಯ್ ಮುಚ್ಕಂಡ್ ಇರು ಮಗ. ಕೈ ಕೆಸರಾದೋರು ಬರೀ ಕೈಲಿ ಓಗಬಾರ್ದು” ಎಂದಳು.

ದೊಡ್ಡಪ್ಪ ಇಳಿದದ್ದು ಮಧ್ಯಾಹ್ನದ ಬಸ್ಸಿಗೆ. ಬಿಳಿ ಪಂಚೆಯಲ್ಲೇ ನೇರ ಗದ್ದೆಗೆ ಬಂದರು. ಈಗ ಮೀಸೆಯಡಿಯಲ್ಲಿ ನಗುತ್ತಾರೆ, ಈಗ ‘ನನ್ನ ಗದ್ದೆಗೆ ಯಾರು ಇಳೀರಿ ಅಂದೋರು’ ಎನ್ನುತ್ತಾರೆ ಎಂದು ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ವಕೀಲರ ಹೆಸರೂ ಬಾಯಿಯ ತುದಿಯಲ್ಲಿತ್ತು. ಅವರು ಬದುವಿನ ಉದ್ದಕ್ಕೂ ಒಮ್ಮೆ ನಡೆದು ಬಂದರು. ಎತ್ತು ಮನೆಯಲ್ಲಿತ್ತು, ಪಾಪ, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕೊನೆಗೆ ಆ ಹೆಂಗಸಿನ ಕಡೆ ತಿರುಗಿದರು.

“ನೋಡವ್ವ, ನಾಳೆ ನೀವೇ ಬನ್ನಿ. ನನ್ ಒಟ್ಲಲ್ಲಿ ಪೈರು ರೆಡಿ ಅದೆ. ಅಷ್ಟನ್ನೂ ಕಿತ್ತು ಅವ್ರ ಗದ್ದೆಗೆ ನಾಟಿ ಆಕ್ಬುಡಿ. ಕೂಲಿ ನಂದು. ಇದ ಅವ್ರಿಗ್ ಯೋಳು.”

ಅವ್ರು ಎಂದರೆ ಎರಡು ಮಾರು ದೂರದಲ್ಲಿ ನಿಂತಿದ್ದ ಅವ್ವ. ಆ ಹೆಂಗಸು ಪಿಳಿಪಿಳಿ ಕಣ್ಣು ಬಿಟ್ಟು ಅವ್ವನ ಕಡೆ ತಿರುಗಿ, “ಏನೋ ಯೋಳ್ತಾವ್ರೆ ಕಣಕ್ಕ” ಎಂದಳು. ಅವ್ವ ಕೆಮ್ಮಿದಳು. ಜ್ವರದ ಕೆಮ್ಮಲ್ಲ ಅದು. ದೊಡ್ಡಪ್ಪ ತಲೆ ಆಡಿಸಿ ಮನೆಗೆ ನಡೆದರು. ಆಯಿತು! ಪಂಚಾಯ್ತಿಯಿಲ್ಲ, ಸಾಕ್ಷಿಯಿಲ್ಲ, ಒಂದು ಚೂರು ಕಾಗದವಿಲ್ಲ. ನನ್ನ ಕಚೇರಿಯಲ್ಲಿ ಒಂದು ಕುರ್ಚಿ ಈ ಕೋಣೆಯಿಂದ ಆ ಕೋಣೆಗೆ ಹೋಗಬೇಕಾದರೆ ಮೂವರು ಸಹಿ ಹಾಕಬೇಕು.

ಮಾರನೆಯ ದಿನ ಅವರ ಪೈರು ನಮ್ಮ ಗದ್ದೆಗೆ ಬಂತು. ಆಗಲೇ ನನಗೆ ಹೊಳೆದದ್ದು. ನಮ್ಮದು ದಪ್ಪ ಭತ್ತ. ಮಳೆಗೂ ಗಾಳಿಗೂ ಜಗ್ಗದ ತಳಿ, ಆದರೆ ಬೆಲೆ ಕಡಿಮೆ. ದೊಡ್ಡಪ್ಪನದು ಸಣ್ಣ ಭತ್ತ. ವ್ಯಾಪಾರಿಗಳು ಹುಡುಕಿಕೊಂಡು ಬಂದು ಹೆಚ್ಚಿನ ಬೆಲೆ ಕೊಟ್ಟು ಒಯ್ಯುವ ಮಾಲು. “ಅವ್ವ, ಲಾಭ ನಮಗೇ ಕಣೇ” ಎಂದು ಕಿವಿಯಲ್ಲಿ ಉಸುರಿದೆ. ಅವ್ವ ನನ್ನ ಕಡೆ ನೋಡಿದ ನೋಟಕ್ಕೆ ನನ್ನ ನಗು ಅಲ್ಲೇ ಒಣಗಿತು.

ಆಮೇಲಿನ ತಿಂಗಳುಗಳದ್ದು ಬೇರೆಯೇ ತಮಾಷೆ. ಅವ್ವ ತನ್ನ ಗದ್ದೆಗೆ ಹೋಗಿ ಕಳೆ ಕೀಳುತ್ತಿದ್ದವಳು ಮೆಲ್ಲಗೆ ಆಚೆ ಗದ್ದೆಯ ತನ್ನ ದಪ್ಪ ಭತ್ತದ ಕಡೆ ಕಣ್ಣು ಹಾಯಿಸುತ್ತಿದ್ದಳು. ದೊಡ್ಡಪ್ಪನೂ ಅಷ್ಟೇ. ಮಗಳನ್ನು ಕೊಟ್ಟ ಮನೆಯ ಮುಂದೆ ಹಾದುಹೋಗುವವರ ಹಾಗೆ, ನೋಡಿಯೂ ನೋಡದ ಹಾಗೆ ಇಬ್ಬರೂ ಓಡಾಡುತ್ತಿದ್ದರು. ಒಂದು ಭಾನುವಾರ ಅವ್ವ ಯೂರಿಯಾ ಚೀಲ ಹೊರಿಸಿಕೊಂಡು ಬದುವಿಗೆ ಬಂದಿದ್ದಳು. ದೊಡ್ಡಪ್ಪ ತಮ್ಮ ಎತ್ತಿನ ಕತ್ತು ಸವರುತ್ತ ಊರಿಗೆಲ್ಲ ಕೇಳುವಂತೆ, “ಸಣ್ ಭತ್ತಕ್ಕೆ ಅಷ್ಟೊಂದ್ ಗೊಬ್ರ ಸುರುದ್ರೆ ಮಕಾಡೆ ಮನೀಕತದೆ ಕಣ್ಲಾ. ಅರ್ಧ ಸಾಕು ಕಣ್ಲಾ” ಎಂದರು. ಎತ್ತು ಬಾಲ ಬೀಸಿತು. ಅವ್ವ ಕೆಮ್ಮಿದಳು. ಅರ್ಧ ಚೀಲ ಮನೆಗೆ ವಾಪಸು ಬಂತು. ಆ ವರ್ಷ ಅಕಾಲದಲ್ಲಿ ಗಾಳಿ ಮಳೆ ಬಂದಾಗ ಸುತ್ತಲಿನ ಸಣ್ಣ ಭತ್ತವೆಲ್ಲ ನೆಲ ಹಿಡಿಯಿತು, ನಮ್ಮದು ನಿಂತಿತು.

ಕಟಾವಾಯಿತು. ಮದ್ದೂರಿನ ಭತ್ತದ ವ್ಯಾಪಾರಿ ಲಾರಿ ತಂದ. ಅಪ್ಪನ ಕಾಲದಿಂದ ನಮ್ಮೂರಿನ ಭತ್ತ ಕೊಳ್ಳುವವನು ಅವನೇ. ಬೆಳಿಗ್ಗೆ ದೊಡ್ಡಪ್ಪನ ಕಣದಲ್ಲಿ ತೂಗಿ ಮುಗಿಸಿ, ಮಧ್ಯಾಹ್ನ ನಮ್ಮ ಮನೆಯಂಗಳಕ್ಕೆ ಬಂದ. ಒಂದು ಹಿಡಿ ಭತ್ತ ಅಂಗೈಯಲ್ಲಿ ಉಜ್ಜಿ, ಊದಿ, ಅಕ್ಕಿ ನೋಡಿ ಅವನಿಗೇ ಖುಷಿಯಾಯಿತು. ಸಣ್ಣ ಭತ್ತದ ರೇಟು ಹೇಳಿದ. ನಾನು ಮನಸ್ಸಿನಲ್ಲೇ ಕೊಟ್ಟಿಗೆಗೆ ಶೀಟು ಹೊದಿಸಿ, ಒಂದಿಷ್ಟು ಉಳಿಸಿಯೂ ಆಗಿತ್ತು. ಅವ್ವ ಕೇಳಿದಳು:

“ಬೆಳಿಗ್ಗೆ ಅವ್ರ ದಪ್ಪ ಭತ್ತಕ್ಕೆ ಏನ್ ಕೊಟ್ಟೆ?”

ಹೇಳಿದ.

“ನಂಗೂ ಅದೇ ರೇಟು ಆಕು. ನಾನು ಬಿತ್ತಿದ್ದು ದಪ್ಪ ಭತ್ತ, ನನ್ ಪಾಲಿಗೆ ಅದೇ ದುಡ್ಡು. ಮಿಕ್ಕಿದ್ದು ಸಣ್ ಭತ್ತ ಬಿತ್ತಿದೋರ್ದು. ಓಯ್ತಾ ಆ ಮನೇಲಿ ಕೊಟ್ಟೋಗು.”

ನನಗೆ ಮೈಯೆಲ್ಲ ಉರಿದುಹೋಯಿತು. “ಅವ್ವ! ನೆಲ ನಿನ್ನದು, ನೀರು ನಿನ್ನದು, ಗೊಬ್ಬರ ನಿನ್ನದು, ಬೆವರು ನಿನ್ನದು. ಇದೇ ಮನುಷ್ಯ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಏನು ಮಾಡಿದರು ಅಂತ ಮರೆತೆಯಾ?”

“ಮರ್ತಿಲ್ಲ ಕಣ್ ಮಗ. ಸಾಯೋಗಂಟ ಮರೆಯಕ್ಕಿಲ್ಲ. ಸಿಟ್ಟು ಸಿಟ್ಟಿನ್ ಜಾಗ್ದಲ್ಲಿರ್ಲಿ. ಅದ್ಕೂ ಇದ್ಕೂ ಯಾಕ್ ಗಂಟಾಕ್ತೀಯ?”

ವ್ಯಾಪಾರಿ ನಗುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ. ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

“ಅಕ್ಕ, ಈ ದುಡ್ಡ ನಾನು ಅಲ್ಲಿಗ್ ಒಯ್ಯಂಗಿಲ್ಲ ಕಣಕ್ಕ. ನಿಮ್ ಭಾವ ಬೆಳಿಗ್ಗೇನೇ ಯೋಳ್ಬುಟ್ಟವ್ರೆ. ‘ಪಕ್ಕದ್ ಮನೆಯವ್ಳು ದಪ್ಪ ಭತ್ತದ್ ರೇಟ್ ಸಾಕು ಅಂತಾಳೆ. ಮಿಕ್ಕಿದ್ದ ನಂಗ್ ಕೊಟ್ಟೋಗು ಅಂತಾಳೆ. ಅಂದೇ ಅಂತಾಳೆ, ಅವ್ಳು ಬುಡೋ ಪೈಕಿ ಅಲ್ಲ. ನೀನೇನಾರ ಅದ ತಂದು ನನ್ ಬಾಗ್ಲಲ್ ನಿಂತ್ಕಂಡ್ರೆ ನಾಳೆಯಿಂದ ನಿನ್ ಲಾರಿ ಈ ಬೀದಿಗ್ ಬರ್ಕೂಡ್ದು. ಬೆಳ್ದಿರೋಳು ಅವ್ಳು, ತಿನ್ನೋಳೂ ಅವ್ಳೇ’ ಅಂದ್ರು.”

ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದು ಮಾತಾಡದ ಮನುಷ್ಯ. ನನ್ನವ್ವ ಏನು ಹೇಳುತ್ತಾಳೆ ಎಂದು ಅವಳ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ನನ್ನ ಗಂಡ ನನ್ನ ಪಕ್ಕದಲ್ಲೇ ಮಲಗುತ್ತಾರೆ, ನಾಳೆ ನಾನು ಏನು ಮಾಡುತ್ತೇನೆ ಎಂದು ಅವರು ಇಷ್ಟು ಖಂಡಿತವಾಗಿ ಹೇಳಲಾರರು. ಎಂಥ ನಂಬಿಕೆ ಇದು! ಜಗಳದ ಒಳಗೂ ಒಂದಿಷ್ಟೂ ಮುಕ್ಕಾಗದೆ ಹೇಗೆ ಉಳಿಯಿತು? ನಾನು ಗೋಡೆಯ ಕಡೆ ನೋಡಿದೆ. ಆಚೆ ಸದ್ದಿರಲಿಲ್ಲ, ಆದರೆ ಅವರು ಅಲ್ಲೇ ಇದ್ದಾರೆ ಎಂದು ನನಗೆ ಅನ್ನಿಸಿತು.

ಅವ್ವ ಭತ್ತದ ಮೂಟೆಯ ಮೇಲೆ ಕೂತುಬಿಟ್ಟಳು. ಅಪ್ಪ ಹೋದ ದಿನವೂ ಜನರ ಮುಂದೆ ಅಳದಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ವ್ಯಾಪಾರಿ ಗಾಬರಿಯಾಗಿ ನನ್ನ ಮುಖ ನೋಡಿದ. ಬಹಳ ಹೊತ್ತಾದ ಮೇಲೆ ಅವ್ವ ಸೆರಗು ತೆಗೆದು ಗೋಡೆಯ ಕಡೆ ತಿರುಗಿದಳು. ಅವತ್ತು ಅವಳು ಹೇಳಿದ್ದು ಕೋಳಿಗಳಿಗಲ್ಲ, ನನಗೂ ಅಲ್ಲ.

“ನಾನು ಎಂತೋಳು ಅಂತ ಇಷ್ಟ್ ಚೆಂದಾಗಿ ಗೊತ್ತಿತ್ತಲ್ಲ ಅವ್ರಿಗೆ. ಅವತ್ತು ಆಸ್ಪತ್ರೆಗ್ ಬಂದು ಒಂದ್ ಮಾತು ಕೇಳಿದ್ರೆ, ನೀರ ನಾನೇ ಬುಡ್ತಿರ್ನಿಲ್ವಾ?”