ಮನೆಗೆ ಕರಿ ಬೆಲ್ಲ, ಮಂದಿಗೆ ಹಳದಿ ಬೆಲ್ಲ

ತಪಾಸಣಾ ವರದಿಗಳನ್ನಲ್ಲದೆ ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ, ಲೋಪದೋಷಗಳನ್ನು ಮನ್ನಿಸಬೇಕಾಗಿ ಓದುಗರಲ್ಲಿ ಮೊದಲೇ ಕೋರುತ್ತೇನೆ. ನಿವೃತ್ತಿಗೆ ಹಿಂದಿನ ವರ್ಷ ನಾನು ಹುಮನಾಬಾದಿನಲ್ಲಿ ಆಹಾರ ಸುರಕ್ಷತಾ ಅಧಿಕಾರಿಯಾಗಿದ್ದು, ಬಸವಕಲ್ಯಾಣದ ಹೆಚ್ಚುವರಿ ಪ್ರಭಾರವನ್ನೂ ಹೊಂದಿದ್ದೆ. ಆಗಿನ ಪ್ರಕರಣವೊಂದನ್ನು ನೆನೆದರೆ ಇಂದಿಗೂ ಹೇಸಿಗೆಯಾಗುತ್ತದೆ.

ಸದರಿ ವರ್ಷದ ಕಬ್ಬಿನ ಹಂಗಾಮಿನಲ್ಲಿ ಬಸವಕಲ್ಯಾಣದ ಕಮಲಾಬಾಯಿ ಎಂಬುವರು ಸ್ಟೀಲ್ ಡಬ್ಬಿಯೊಂದನ್ನು ಹಿಡಿದು ಕಚೇರಿಗೆ ಬಂದರು. ಹೆರಿಗೆಗೆ ಬಂದಿದ್ದ ಮಗಳಿಗಾಗಿ ಅವರು ಕಟ್ಟಿದ ಅಂಟಿನ ಉಂಡಿಗಳು ಅದರಲ್ಲಿದ್ದವು. ಅವನ್ನು ತಿಂದ ಬಾಣಂತಿಗೆ ಎರಡು ದಿನ ವಾಂತಿಯಾಗಿತ್ತು. ‘ನಿಮ್ಮ ಕೈ ಸ್ವಚ್ಛ ಇಲ್ಲ’ ಎಂದ ಬೀಗಿತ್ತಿ, ಭಾನುವಾರ ಬಂದು ಬಾಣಂತಿ, ಕೂಸು ಇಬ್ಬರನ್ನೂ ಕರೆದೊಯ್ಯುವುದಾಗಿ ತಿಳಿಸಿದ್ದರು.

“ಹನ್ನೊಂದು ದಿನದ ಕೂಸ್ರಿ ಸಾಹೇಬ್ರ. ಇಬ್ಬರಿಗೂ ಎಣ್ಣಿ ಹಚ್ಚಿ ಎರಿಯೋ ಕೈ ಇದು. ಇದಕ್ಕೇ ಹೊಲಸು ಅಂದ್ರ ಹ್ಯಾಂಗ್ರಿ?”

ಯಾವ ಬೆಲ್ಲ ಹಾಕಿದ್ದಿರೆಂದು ವಿಚಾರಿಸಿದೆ.

“ಪ್ರತಿ ಸಲ ಕರಿ ಬೆಲ್ಲ ಹಾಕ್ತಿದ್ದೆ. ನೀವೇ ಮೀಟಿಂಗದಾಗ ಸ್ವಚ್ಛ ಬೆಲ್ಲ ನೋಡಿ ತಗೋರಿ ಅಂದ್ರಲ್ರಿ. ಅದಕ್ಕ ಈ ಸಲ ಬಂಗಾರದಂಥಾದ್ದು ತಂದೆ.”

ಹಾಗೆ ಹೇಳಿದ್ದು ನಿಜ. ಮಹಿಳಾ ಸಂಘದ ಸಭೆಯಲ್ಲಿ ಸಕ್ಕರೆಯ ಬದಲು ಬೆಲ್ಲ ಬಳಸಲು ಉಪದೇಶಿಸಿ, ಹಳದಿ ಬೆಲ್ಲದ ಅಚ್ಚೊಂದನ್ನು ಎತ್ತಿ ತೋರಿಸಿದ್ದೆ.

ಅವರು ಬೆಲ್ಲ ಕೊಂಡಿದ್ದ ಅಂಗಡಿಯವರ ಮಾಹಿತಿ ಆಧರಿಸಿ, ಅದು ಬಂದಿದ್ದ ಗಾಣವನ್ನು, ಅಂದರೆ ಆಲೆಮನೆಯನ್ನು, ಮರುದಿನ ತಪಾಸಣೆ ಮಾಡಲಾಯಿತು. ಒಲೆಯಲ್ಲಿ ಹರಿದ ರಬ್ಬರ್ ಚಪ್ಪಲಿಗಳು ಉರಿಯುತ್ತಿದ್ದವು. ಪಕ್ಕದಲ್ಲಿ ಹುಳಿ ಹಿಡಿದು ನೀರೊಡೆದ ಹಳೆಯ ಬೆಲ್ಲದ ರಾಶಿ; ಅದರೊಳಗೆ ಗೋಣಿನಾರು, ಬೀಡಿತುಂಡು, ಇಲಿಯ ಹಿಕ್ಕೆ. ನಾವು ಬಂದುದನ್ನು ಗಮನಿಸದ ಆಳೊಬ್ಬ ಅದನ್ನು ಸಲಿಕೆಯಿಂದ ಎತ್ತಿ ಕುದಿಯುವ ರಸಕ್ಕೆ ಸುರಿದ. ಬಳಿಕ ಹೈಡ್ರೋಸ್, ಅಂದರೆ ಬಟ್ಟೆಯ ಬಣ್ಣ ತೆಗೆಯುವ ಪುಡಿಯನ್ನು, ಮುಷ್ಟಿಗಟ್ಟಲೆ ಎರಚಿದ. ಕೆಸರಿನಂತಿದ್ದ ಪಾಕ ನೋಡನೋಡುತ್ತ ಹೊನ್ನಿನ ಬಣ್ಣಕ್ಕೆ ತಿರುಗಿತು. ಆರಿದ ಅಚ್ಚುಗಳ ಮೇಲೆ ‘ಆರೋಗ್ಯ ಬೆಲ್ಲ, ರಾಸಾಯನಿಕಮುಕ್ತ’ ಎಂಬ ಚೀಟಿ ಅಂಟಿಸಿದ್ದರು.

ಮೂಲೆಯಲ್ಲಿ ಬೇರೊಂದು ಸಣ್ಣ ಕಡಾಯಿ ಇತ್ತು. ಅದರ ರಸಕ್ಕೆ ಬೆಂಡೆಗಿಡದ ಕಾಂಡ ಜಜ್ಜಿದ ಲೋಳೆನೀರು ಹಾಕಿದ್ದರು. ಆ ಲೋಳೆಯಿಂದ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಬೆಲ್ಲ ಕಪ್ಪಾಗಿಯೇ ಉಳಿಯುತ್ತದೆ.

“ಇದ್ಯಾರಿಗಿ?” ಎಂದೆ.

“ನಮ್ಮ ಮನಿಗ್ರಿ,” ಎಂದ ಮಾಲೀಕ. “ಮೊಮ್ಮಕ್ಕಳು ತಿಂತಾವಲ್ರಿ.”

“ಮತ್ತ ಮಂದಿ ಮೊಮ್ಮಕ್ಕಳು?”

“ಮಂದಿಗಿ ಹಳದೀನೇ ಬೇಕು. ಕರೀದು ಇಟ್ರ ನಾಯಿನೂ ಮೂಸಂಗಿಲ್ಲ. ನಿಮ್ಮ ಮನ್ಯಾಗ ಯಾವುದು ಅದರಿ ಸಾಹೇಬ್ರ?”

ನಮ್ಮ ಮನೆಯಲ್ಲಿದ್ದುದೂ ಹಳದಿಯದೇ. ಮಾದರಿಗಳಿಗೆ ಮೊಹರು ಹಾಕಿಸಿ, ದಾಸ್ತಾನನ್ನು ಜಪ್ತಿ ಮಾಡಿದೆ.

ಪ್ರಯೋಗಾಲಯದ ವರದಿಗೆ ಎರಡು ವಾರ ಬೇಕಿತ್ತು; ಬೀಗಿತ್ತಿ ಬರುವ ಭಾನುವಾರ ಅಷ್ಟು ಕಾಯುವಂತಿರಲಿಲ್ಲ. ಆದ್ದರಿಂದ ಅಂದು ನಾನೇ ಕಮಲಾಬಾಯಿಯವರ ಮನೆಗೆ ಹೋದೆ. ಬೀಗಿತ್ತಿ ಆಗಲೇ ಕೂಸಿನ ಬಟ್ಟೆ ಗಂಟು ಕಟ್ಟಿಸುತ್ತಿದ್ದರು. ಮೊಬೈಲಿನಲ್ಲಿದ್ದ ಗಾಣದ ಫೋಟೊಗಳನ್ನು ಒಂದೊಂದಾಗಿ ತೋರಿಸಿದೆ.

“ವಾಂತಿಗಿ ಇದೇ ಕಾರಣ ಅಂತ ನಾ ಹೇಳಂಗಿಲ್ರಿ. ಆದ್ರ ಮೀಟಿಂಗದಾಗ ಇವ್ರಿಗಿ ಇಂಥಾ ಬೆಲ್ಲ ತೋರಿಸಿದಾವ ನಾನೇ. ಬೈಯೋದಿದ್ರ ನನಗ ಬೈರಿ.”

ಚೀಟಿಯ ಫೋಟೊ ಬಂದಾಗ ಬೀಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಥೂ! ನಮ್ಮ ಮನ್ಯಾಗೂ ಇದೇ ಅದಲ್ರೀ!” ಎಂದವರು ಕಟ್ಟಿಸಿದ್ದ ಗಂಟು ಬಿಚ್ಚಿದರು. “ಬೀಗ್ತಿ, ಕರಿ ಬೆಲ್ಲ ತರಿಸ್ರಿ. ಅಂಟು ನಾ ಹುರಿತೀನಿ.”

ಬೆಲ್ಲ ಅಸುರಕ್ಷಿತವೆಂದು ನಂತರ ವರದಿ ಬಂದು, ಕಾನೂನು ಕ್ರಮ ಜರುಗಿತು. ಆದರೆ ಈ ಪ್ರಕರಣ ನನಗೆ ಕಲಿಸಿದ್ದು ಕಾನೂನನ್ನಲ್ಲ. ಸ್ವಚ್ಛವಾದುದನ್ನು ತಿನ್ನಿರೆಂದು ಹೇಳುವವನಿಗೆ ಸ್ವಚ್ಛವಾದುದು ನೋಡಲು ಹೇಗಿರುತ್ತದೆಂಬುದು ಮೊದಲು ತಿಳಿದಿರಬೇಕು. ಮುಂದಿನ ಸಭೆಗೆ ಕರಿ ಬೆಲ್ಲದ ಹೆಂಟೆಯೊಂದನ್ನು ಒಯ್ದೆ. ಮುಂದಿನ ಸಾಲಿನವರು ಮುಖ ಸಿಂಡರಿಸಿದರು. ಭಾಷಣ ಮಾಡಲಿಲ್ಲ, ಒಂದು ತುಂಡು ಮುರಿದು ಮೊದಲು ನನ್ನ ಬಾಯಿಗೇ ಹಾಕಿಕೊಂಡೆ.