ಎಡಗೆನ್ನೆಯ ಗಾಳಿ

“ಕೆನ್ನೆ ಉಬ್ಬಿಸಿ” ಎಂದು ಮೂವತ್ತೊಂದು ವರ್ಷದಿಂದ ಬೀದಿಯ ಗಂಡಸರಿಗೆಲ್ಲ ಅಪ್ಪಣೆ ಕೊಡುತ್ತ ಬಂದ ಕ್ಷೌರಿಕ ಅವನು. ಅವನ ಕೈಯಲ್ಲಿ ಕತ್ತಿ ಇರುವಾಗ ಎದುರು ಕೂತವನು ಎಂಥ ದೊಡ್ಡ ಮನುಷ್ಯನಾದರೂ ತೆಪ್ಪಗೆ ಬಾಯಲ್ಲಿ ಗಾಳಿ ತುಂಬಿಕೊಳ್ಳಬೇಕು. ಕೆನ್ನೆಯ ಗುಳಿ ಮೇಲೆದ್ದರೆ ತಾನೇ ಕತ್ತಿ ಸರಾಗವಾಗಿ ಓಡುವುದು. ಗಿರಾಕಿಯ ಬಾಯಿ ಹೀಗೆ ಗಾಳಿಯಿಂದ ತುಂಬಿರುವಾಗ ಇವನ ಬಾಯಿಗೆ ತಡೆಯೇ ಇರುತ್ತಿರಲಿಲ್ಲ. ಯಾರ ಮನೆಯ ಗೋಡೆ ಬಿರುಕು ಬಿಟ್ಟಿತು, ಯಾರ ಮಗಳು ಮುನಿಸಿಕೊಂಡು ತವರಿಗೆ ಬಂದಳು, ಎಲ್ಲ ಆ ಕುರ್ಚಿಯ ಹಿಂದೆಯೇ ಇತ್ಯರ್ಥ. ಮಾತಿನಮಲ್ಲ ಎಂದು ಹೆಸರಿಟ್ಟವರು ಯಾರೋ ಏನೋ, ಅವನ ಸ್ವಂತ ಹೆಸರು ಹೆಂಡತಿಗೇ ಮರೆತಂತಿತ್ತು.

ಅಂಥವನು ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದು, ಯಾರೂ ಬರುವ ಮುಂಚೆ ಕನ್ನಡಿಯ ಮುಂದೆ ನಿಂತು ತನ್ನದೇ ಮುಖಕ್ಕೆ ನೊರೆ ಬಳಿದುಕೊಂಡ. ಬಲಗೆನ್ನೆ ಮುಗಿಯಿತು. ಎಡಗೆನ್ನೆ ಉಬ್ಬಿಸಲು ಹೋದ. ಉಬ್ಬಲಿಲ್ಲ. ತುಟಿಯ ಮೂಲೆಯಿಂದ ಸುಯ್ ಎಂದು ಸಣ್ಣ ಸದ್ದು ಮಾಡಿ ಗಾಳಿ ಹೊರಗೆ ಹೋಯಿತು. ಇನ್ನೊಮ್ಮೆ ಪ್ರಯತ್ನಿಸಿದ. ಮತ್ತೆ ಸುಯ್. ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರೆ ಕತ್ತಿ ಮಸೆಯುವ ಚರ್ಮದ ಪಟ್ಟಿಯ ಹಾಗೆ ಬಿರುಸಾಗಿತ್ತು. ಅರ್ಧ ಮುಖದ ನೊರೆ ಒಣಗುವವರೆಗೂ ಹಾಗೆಯೇ ನಿಂತಿದ್ದ.

ಅದಕ್ಕೆ ಕಾರಣ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾರಣ ಕನ್ನಡಿಯ ಪಕ್ಕದಲ್ಲೇ, ಪೌಡರ್ ಡಬ್ಬದ ಜೊತೆಗೇ ಕೂತಿತ್ತು: ಉಜ್ಜಿ ಉಜ್ಜಿ ಹೊಳಪೇರಿದ ಹಿತ್ತಾಳೆಯ ಡಬ್ಬಿ. ಅದರ ಒಂದು ಖಾನೆಯಲ್ಲಿ ಹೊಗೆಸೊಪ್ಪು, ಇನ್ನೊಂದರಲ್ಲಿ ಸುಣ್ಣ. ಬೀಡಿ ಸಿಗರೇಟು ಸೇದುವವರನ್ನು ಕಂಡರೆ ಮಾತಿನಮಲ್ಲನಿಗೆ ತಾತ್ಸಾರ. “ಸೇದಿದ್ರೆ ಕೈ ನಡುಗುತ್ತೆ, ಗಿರಾಕಿ ಮೂಗಿಗೆ ಹೊಗೆ ಹೋಗುತ್ತೆ. ಇದಾದ್ರೆ ಎರಡು ಕೈಯೂ ಖಾಲಿ. ಪಾಪ, ತನ್ನ ಪಾಡಿಗೆ ಕೆನ್ನೇಲಿ ಕೂತಿರುತ್ತೆ” ಎನ್ನುತ್ತಿದ್ದ. ಕಸುಬು ಕಲಿತ ವರ್ಷದಿಂದ ಅದು ಅವನ ಎಡಗೆನ್ನೆಯಲ್ಲಿ ಕೂತೇ ಇತ್ತು.

ಅಷ್ಟೇ ಆಗಿದ್ದರೆ ಅವನ ಪಾಪ ಅವನಿಗೆ ಎನ್ನಬಹುದಿತ್ತು. ಆದರೆ ಡಬ್ಬಿ ಎಲ್ಲರದೂ ಆಗಿತ್ತು. ಬೆಂಚಿನ ಮೇಲೆ ಸರದಿ ಕಾಯುವವರು ಸಲೀಸಾಗಿ ಕೈ ಚಾಚಿ ಒಂದು ಚಿಟಿಕೆ ತೆಗೆದುಕೊಳ್ಳುತ್ತಿದ್ದರು. ಬೇಡ ಅಂದವರನ್ನು ಇವನೇ ಬಿಡುತ್ತಿರಲಿಲ್ಲ. ಡ್ರಾಯಿಂಗ್ ಮೇಷ್ಟ್ರನ್ನು ಅದಕ್ಕೆ ಹಚ್ಚಿದವನೂ ಇವನೇ. ಹನ್ನೆರಡು ವರ್ಷದ ಹಿಂದೆ ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಬಂದಿದ್ದ ಆ ಸಾಧು ಮನುಷ್ಯರಿಗೆ, ದೊಡ್ಡ ವೈದ್ಯನ ಗತ್ತಿನಲ್ಲಿ, “ಇಟ್ಕೊಳ್ಳಿ ಮೇಷ್ಟ್ರೇ, ನೋವು ಎಲ್ಲಿ ಹೋಯ್ತು ಅಂತ ಹುಡುಕ್ಬೇಕು” ಎಂದು ತಾನೇ ಸುಣ್ಣ ಹಚ್ಚಿ ತಿಕ್ಕಿ ಕೊಟ್ಟಿದ್ದ. ನೋವು ಹೋಯಿತು. ಚಟ ಉಳಿಯಿತು. ಆರು ತಿಂಗಳಿಂದ ಮೇಷ್ಟ್ರು ಅಂಗಡಿಯ ಕಡೆ ಬಂದಿರಲಿಲ್ಲ. ಮಗಳ ಮನೆಗೆ ಹೋಗಿರಬೇಕು ಎಂದು ಮಾತಿನಮಲ್ಲ ತಾನೇ ಒಂದು ಸುದ್ದಿ ಹುಟ್ಟಿಸಿ ತಾನೇ ನಂಬಿದ್ದ.

ಆ ಬೆಳಗಿನಿಂದ ಅವನಿಗೆ ಹೊಸ ಕೆಲಸವೊಂದು ಗಂಟುಬಿತ್ತು. ದಿನಕ್ಕೆ ಹತ್ತು ಸಲ ಗೋಡೆಯ ಕಡೆ ತಿರುಗಿ, ಬೆರಳುಗಳನ್ನು ಒಂದರ ಮೇಲೊಂದು ಸೇರಿಸಿ ಬಾಯಲ್ಲಿಟ್ಟು ನೋಡುವುದು. ಹಿಂದೆಲ್ಲ ಸಲೀಸಾಗಿ ಮೂರು ಬೆರಳು ಹಿಡಿಸುತ್ತಿದ್ದ ಬಾಯಲ್ಲಿ ಈಗ ಎರಡೇ ಹಿಡಿಸುತ್ತಿದ್ದವು. ಒಂದೊಂದು ದಿನ ಎರಡನೆಯದೂ ತಿಣುಕಾಡುತ್ತಿತ್ತು. ಇಷ್ಟಾದರೂ ಡಬ್ಬಿ ಬಿಟ್ಟನೇ ಎಂದರೆ, ಇಲ್ಲ. ಎಡಗಡೆ ಬಿಟ್ಟು ಬಲಗಡೆ ಇಟ್ಟುಕೊಳ್ಳತೊಡಗಿದ. ಇಂಥ ಬುದ್ಧಿವಂತಿಕೆಗೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಭಯವಾದಾಗ ಅವನ ಕೈ ತಾನಾಗಿಯೇ ಡಬ್ಬಿಯ ಕಡೆ ಹೋಗುತ್ತಿತ್ತು. ಅವನಿಗೆ ಈಗ ಸದಾ ಭಯ.

ಮನೆಯಲ್ಲಿ ಅವನು ತುತ್ತನ್ನು ಚಿಕ್ಕದು ಮಾಡಿದ. ಖಾರ ಸೋಕಿದರೆ ಬಾಯೊಳಗೆ ಬೆಂಕಿ ಬಿದ್ದಂತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಧೂಳು ಎಂದು ಒರೆಸಿಕೊಳ್ಳುತ್ತಿದ್ದ. ಅಂಗಡಿಯ ಟವೆಲುಗಳನ್ನು ಒಗೆದು ಮಡಚಿಡುವ ಹೆಂಡತಿ ಒಂದು ದಿನ ಕೇಳಿದಳು: “ಏನ್ರೀ, ಮಗು ಥರ ಉಣ್ತೀರಿ?”

“ಹಲ್ಲು ನೋವು ಕಣೇ.”

“ಯಾವ ಹಲ್ಲು? ಬಾಯಿ ತೆಗೀರಿ, ನೋಡ್ತೀನಿ.”

“ನೀನೇನು ಡಾಕ್ಟರಾ?” ಎಂದು ರೇಗಿ ಎದ್ದುಹೋದ. ಅವಳಿಗೆ ಬಾಯಿ ತೆರೆದು ತೋರಿಸಿದರೆ ಇರುವುದು ನಿಜವಾಗಿಬಿಡುತ್ತದೆ ಎಂಬ ದಿಗಿಲು ಅವನಿಗೆ. ತೋರಿಸದಿದ್ದರೆ ಇನ್ನೂ ಏನೂ ಆಗಿಲ್ಲ.

ಮೇಷ್ಟ್ರು ಬಂದದ್ದು ಒಂದು ಬುಧವಾರ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ಮೂಗಿನ ಕೆಳಗೆ ಮುಖವೆಲ್ಲ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡಿದ್ದರು. “ಬನ್ನಿ ಬನ್ನಿ, ಬಿಸಿಲಲ್ಲೂ ನಿಮಗೆ ಚಳಿಯಾ ಮೇಷ್ಟ್ರೇ?” ಎಂದು ಕುರ್ಚಿ ಒರೆಸಿದ ಮಾತಿನಮಲ್ಲ. ಮೇಷ್ಟ್ರು ಕೂತು ಮಫ್ಲರ್ ಬಿಚ್ಚಿದರು.

ಎಡದವಡೆಯ ಮೂಳೆ ಇರಲಿಲ್ಲ. ಅದಿದ್ದ ಕಡೆ ಮುಖ ಒಳಕ್ಕೆ ಕುಸಿದು, ಬೇರೆಲ್ಲಿಂದಲೋ ತಂದು ಹೊಲಿದ ಅಂಗೈಯಗಲದ ಚರ್ಮ ಕೂತಿತ್ತು. ಮೇಷ್ಟ್ರು ತಮ್ಮ ಎದೆಯನ್ನು ಬೆರಳಲ್ಲಿ ತಟ್ಟಿ, ಆಮೇಲೆ ಆ ತೇಪೆಯನ್ನು ತಟ್ಟಿ ತೋರಿಸಿದರು. ಅವರಿಗೆ ಮಾತು ಬರುತ್ತಿರಲಿಲ್ಲ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಪೆನ್ಸಿಲ್‌ನಲ್ಲಿ ಬರೆದರು: ‘ಗಡ್ಡ ಬಂದಿದೆ. ಮನೆಯಲ್ಲಿ ಮಾಡಿಕೊಳ್ಳೋಕೆ ಹೆದರಿಕೆ. ನಿನ್ನ ಕೈಯಾದರೆ ಧೈರ್ಯ.’

ಮಾತಿನಮಲ್ಲ ನೊರೆ ಬಳಿದ. ಆ ಬೀದಿಯ ಒಂದೊಂದು ಕೆನ್ನೆಯಲ್ಲೂ ಕೂದಲು ಯಾವ ದಿಕ್ಕಿಗೆ ಬಾಗುತ್ತದೆಂದು ಅವನ ಬೆರಳಿಗೆ ಗೊತ್ತು. ಮೇಷ್ಟ್ರದು ಕಿವಿಯಿಂದ ಗದ್ದದ ಕಡೆಗೆ. ಆದರೆ ತೇಪೆಯ ಮೇಲಿನ ಕೂದಲು ತಿರುಗಿಕೊಂಡು ಮೇಲಕ್ಕೆ ಬೆಳೆದಿತ್ತು. ಅದು ಮುಖದ ಕೂದಲಲ್ಲ, ಎದೆಯ ಕೂದಲು. ಬೇರೆ ಯಾರದೋ ಮುಖ ಹೆರೆಯುತ್ತಿರುವಂತೆ ಅನಿಸಿತು. ಅಂಜಿಕೆಯಲ್ಲಿ ಮೈಮರೆತು, ಮೂವತ್ತೊಂದು ವರ್ಷದ ರೂಢಿಯಿಂದ, ಬಾಯಿ ಆಡಿಬಿಟ್ಟಿತು:

“ಕೆನ್ನೆ ಉಬ್ಬಿಸಿ.”

ಕನ್ನಡಿಯಲ್ಲಿ ಮೇಷ್ಟ್ರು ಅವನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ಸಿಟ್ಟಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕತ್ತಿ ಕೆಳಗಿಟ್ಟು, “ತಪ್ಪಾಯ್ತು ಮೇಷ್ಟ್ರೇ, ತಪ್ಪಾಯ್ತು. ನಿಮಗೆ ಅದನ್ನ ಕೊಟ್ಟೋನು ನಾನೇ” ಎಂದ. ಆ ಮಾತೂ ಅವನ ಅರೆತೆರೆದ ಬಾಯಿಂದ ತೊದಲಾಗಿ ಬಂತು.

ಜೀವನವೆಲ್ಲ ಮುಖಗಳನ್ನೇ ಬರೆದ ಮೇಷ್ಟ್ರಿಗೆ ಆ ತೊದಲು ಸಾಕಾಯಿತು. ಎದ್ದು, ತಮ್ಮ ಕೊರಳ ಬಟ್ಟೆ ತೆಗೆದು, ಅವನ ರಟ್ಟೆ ಹಿಡಿದು ಅದೇ ಕುರ್ಚಿಯಲ್ಲಿ ಕೂರಿಸಿದರು. ತಲೆ ಹಿಂದಕ್ಕೆ ಬಾಗಿಸಿ, ಗದ್ದ ಹಿಡಿದು ಬಾಯಿ ತೆರೆಯುವಂತೆ ಸನ್ನೆ ಮಾಡಿದರು. ಗಿರಾಕಿಯ ಕುರ್ಚಿಯಲ್ಲಿ ಕೂತು ಮಾತಿನಮಲ್ಲನಿಗೆ ಗೊತ್ತಿರಲಿಲ್ಲ. ಅಲ್ಲಿ ಕೂತರೆ ಮನುಷ್ಯ ಎಷ್ಟು ನಿರುಪಾಯ ಎಂದು ಈಗ ತಿಳಿಯಿತು. ಬಾಯಿ ತೆರೆದ, ತೆರೆದಷ್ಟು. ಮೇಷ್ಟ್ರು ತುಂಬ ಹೊತ್ತು ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತು ಪುಸ್ತಕದಲ್ಲಿ ಚಿತ್ರ ಬರೆದು ಅವನ ಕೈಗಿಟ್ಟರು. ಅವನೇ ಕಂಡಿರದ ಅವನ ಬಾಯಿ: ಬಿಗಿದ ನರಗಳಂಥ ಗೆರೆಗಳು, ಕೊನೆಯ ಹಲ್ಲಿನ ಪಕ್ಕದಲ್ಲಿ ಕಾಳಿನಷ್ಟು ಬಿಳಿ ಮಚ್ಚೆ. ಕೆಳಗೆ ಒಂದೇ ಸಾಲು.

‘ಹೋದ ವರ್ಷ ನನ್ನದೂ ಇಷ್ಟೇ ಇತ್ತು. ನಾನು ಕಾದೆ.’

ಮೇಷ್ಟ್ರ ಉಳಿದ ಅರ್ಧ ಗಡ್ಡವನ್ನು ಹೇಗೆ ತೆಗೆದನೋ ಅವನಿಗೇ ನೆನಪಿಲ್ಲ. ಹೊರಡುವಾಗ ಮೇಷ್ಟ್ರು ಹಿತ್ತಾಳೆಯ ಡಬ್ಬಿಯನ್ನು ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡರು. ಅವನು ಬೇಡ ಅನ್ನಲಿಲ್ಲ. ಹಾಡುಹಗಲೇ ಅಂಗಡಿಯ ಬಾಗಿಲು ಎಳೆದು ಮನೆಗೆ ನಡೆದ. ದಾರಿಯಲ್ಲಿ ಎದುರಾದವರು ಮಾತಾಡಿಸಿದರೆ ತಲೆಯಾಡಿಸಿದ ಅಷ್ಟೆ. ಆದರೆ ಪ್ರತಿಯೊಬ್ಬನ ಕೆನ್ನೆಯನ್ನೂ ನೋಡಿದ. ಇವನು ಡಬ್ಬಿಗೆ ಕೈ ಹಾಕಿದ್ದ. ಇವನೂ. ಇವನ ತಮ್ಮನೂ. ಬೀದಿ ಮುಗಿಯುವ ಹೊತ್ತಿಗೆ ತಲೆ ಎತ್ತಲು ಅವನಿಗೆ ಹೆದರಿಕೆಯಾಯಿತು.

ಹೆಂಡತಿ ಹಿತ್ತಲಲ್ಲಿ ಟವೆಲು ಹರವುತ್ತಿದ್ದಳು. ಅವನು ಹೇಳಲು ಬಾಯಿ ತೆರೆಯುವ ಮುಂಚೆಯೇ, “ಚಪ್ಪಲಿ ಹಾಕ್ಕೊಂಡು ಬರ್ತೀನಿ, ಇರಿ” ಎಂದಳು. ಎರಡು ತಿಂಗಳಿಂದ ಅವನ ತುತ್ತನ್ನು ಅಳೆಯುತ್ತಿದ್ದವಳು ಅವಳು. ಅವನು ತಾನೇ ಬಂದು ಹೇಳಲಿ ಎಂದು ಕಾದಿದ್ದಳು, ಅದೊಂದೇ ಅವಳ ತಪ್ಪು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟಾರ್ಚು ಹಾಕಿ ಒಳಗೆ ನೋಡಿದರು. ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಫಲಿತಾಂಶಕ್ಕೆ ಎಂಟು ದಿನ ಎಂದರು. ಕೇಡಿನದೋ ಅಲ್ಲವೋ ಈಗಲೇ ಹೇಳಲಾಗದು. ಹೆಂಡತಿ ಅವನ ಮೊಣಕೈಯನ್ನು ಹಿಡಿದೇ ನಿಂತಿದ್ದಳು. ಡಾಕ್ಟರಮ್ಮ ಟಾರ್ಚು ಆರಿಸಿ, ಎದುರಿನ ಕುರ್ಚಿಗೆ ಒರಗಿ, ಅವನ ಮುಖವನ್ನೇ ನೋಡುತ್ತ ಹೇಳಿದರು:

“ಎಲ್ಲಿ, ಒಂದ್ಸಲ ಕೆನ್ನೆ ಉಬ್ಬಿಸಿ.”

ಅವನು ಹೆಂಡತಿಯ ಕಡೆ ನೋಡಿದ. ತುಟಿ ಬಿಗಿಹಿಡಿದು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಬಾಯಿಗೆ ತುಂಬಿದ. ಸುಯ್ ಎಂದಿತು. ಇಷ್ಟು ದಿನ ಅವನೊಬ್ಬನೇ ಕೇಳುತ್ತಿದ್ದ ಸದ್ದು ಈಗ ಅವಳಿಗೂ ಕೇಳಿಸಿತು.