ನಿಂತು ನೋಡಿದ ಧಾರಾವಾಹಿ

ವರ್ಗವನ್ನು ಆದಾಯದಿಂದ ಅಳೆಯಬೇಕೋ ಉದ್ಯೋಗದಿಂದ ಅಳೆಯಬೇಕೋ ಎಂದು ನಮ್ಮ ಸಮಾಜಶಾಸ್ತ್ರದ ಮೇಷ್ಟ್ರು ಒಂದು ವಾರ ಚರ್ಚೆ ನಡೆಸಿದ್ದರು. ನನಗೆ ನಗು ಬರುತ್ತಿತ್ತು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ಅಷ್ಟು ಕಷ್ಟವಿರಲಿಲ್ಲ. ಯಾರು ಬಂದಾಗ ಯಾರು ಎದ್ದು ನಿಲ್ಲುತ್ತಾರೆ ಎಂದು ನೋಡಿದರೆ ಸಾಕಿತ್ತು.

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ನಮ್ಮದು ಎರಡು ಕೋಣೆಯ ಸಾಲುಮನೆ. ರಸ್ತೆಯಾಚೆ, ಮರಗಳ ನೆರಳಿನಲ್ಲಿ, ಕಾಂಪೌಂಡಿನೊಳಗೆ ಆಫೀಸರ್‌ಗಳ ಬಂಗಲೆಗಳು. ತೊಂಬತ್ತರ ದಶಕದ ಕೊನೆಗೆ ಕೇಬಲ್ ಟೀವಿ ಬಂದು ಎಲ್ಲ ತಲೆಕೆಳಗಾಯಿತು. ಮಾಚೇನಹಳ್ಳಿಯ ವರ್ಕ್‌ಶಾಪಿನ ಕೆಲಸ ಬಿಟ್ಟು ಕೇಬಲ್ ಶುರುಮಾಡಿದ್ದ ಒಬ್ಬಾತ ನಮ್ಮ ಸಾಲಿನ ಹೆಂಚಿನ ಮೇಲೆಲ್ಲ ವೈರು ಎಳೆದು ಹೋದ. ಬಂಗಲೆಗಳ ಕಡೆ ಮಾತ್ರ ವೈರು ನೇತಾಡಿದರೆ ಅಂದ ಕೆಡುತ್ತದೆಂದು ಅನುಮತಿ ಸಿಗಲಿಲ್ಲ. ಹೀಗಾಗಿ ದೊಡ್ಡವರ ಮನೆಯಲ್ಲಿ ದೊಡ್ಡ ಟೀವಿ, ಸರ್ಕಾರಿ ಚಾನೆಲ್ ಒಂದೇ. ನಮ್ಮ ಮನೆಯಲ್ಲಿ ಪುಟ್ಟ ಟೀವಿ, ಅದರ ತುಂಬ ಅತ್ತೆ ಸೊಸೆಯರು.

ಸಂಜೆ ಏಳಕ್ಕೆ ಬರುತ್ತಿದ್ದ ಒಂದು ಧಾರಾವಾಹಿಯೆಂದರೆ ಅಮ್ಮನಿಗೆ ಪ್ರಾಣ. ನಸುಕಿನಲ್ಲೇ ಎದ್ದವಳು ಇಡೀ ದಿನದಲ್ಲಿ ಕಾಲು ಚಾಚಿ ಕೂರುತ್ತಿದ್ದುದು ಆ ಅರ್ಧ ಗಂಟೆ ಮಾತ್ರ. ಚಾಪೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಕೂತಳೆಂದರೆ ಪಕ್ಕದಲ್ಲಿ ಹಾವು ಹರಿದರೂ ಏಳುವವಳಲ್ಲ.

ಅವಳನ್ನು ಎಬ್ಬಿಸಿದವರು ಅಪ್ಪನ ಸೆಕ್ಷನ್ನಿನ ಸಾಹೇಬರ ಹೆಂಡತಿ. ತವರು ಶಿವಮೊಗ್ಗದ ಕೋಟೆ ಬೀದಿ, ಸಾಲು ದೇವಸ್ಥಾನಗಳ ಜಾಗ. ಓದಿದವರು, ಮಾತು ಮೆತ್ತಗೆ. ತವರಿಗೆ ಹೋದಾಗ ಇದೇ ಧಾರಾವಾಹಿಯ ರುಚಿ ಹತ್ತಿಸಿಕೊಂಡು ಬಂದಿದ್ದರು. ಒಂದು ಸಂಜೆ ಸರಿಯಾಗಿ ಏಳಕ್ಕೆ ಸ್ಟೀಲ್ ಲೋಟ ಹಿಡಿದು ನಮ್ಮ ಬಾಗಿಲಲ್ಲಿ ನಿಂತರು.

"ಹೆಪ್ಪಿಗೆ ಒಂದ್ ಚೂರು ಮೊಸರು ಇದ್ಯೇನ್ರೀ?"

ಅಮ್ಮ ದಡಬಡಿಸಿ ಎದ್ದಳು. ಅಪ್ಪ ಎದ್ದ. ಓದುತ್ತಿದ್ದ ನಾನೂ ಎದ್ದೆ. "ಕೂತ್ಕೊಳ್ಳಿ ಅಮ್ಮಾವ್ರೇ" ಎಂದು ಅಮ್ಮ ಕುರ್ಚಿ ಎಳೆದರೆ, "ಇಲ್ಲ ಇಲ್ಲ, ಹಾಲು ಒಲೆ ಮೇಲಿಟ್ಟು ಬಂದಿದೀನಿ, ಹೊರಟೆ" ಎಂದರು. ಹೊರಡಲಿಲ್ಲ. ಬಾಗಿಲಿಗೆ ಒರಗಿ, ಕತ್ತು ಮಾತ್ರ ಒಳಗೆ ಚಾಚಿ, ಇಡೀ ಕಂತು ನೋಡಿ ಹೋದರು. ಅಷ್ಟು ಹೊತ್ತು ಉಕ್ಕದ ಹಾಲನ್ನು ನಾನಂತೂ ಕಂಡಿಲ್ಲ.

ಮರುದಿನವೂ ಹೆಪ್ಪು, ಅದರ ಮರುದಿನವೂ ಹೆಪ್ಪು. ದೀಪ ಹಚ್ಚಿದ ಮೇಲೆ ಮೊಸರು ಹೊರಗೆ ಕೊಟ್ಟರೆ ಲಕ್ಷ್ಮಿ ಹೋಗುತ್ತಾಳೆ ಎಂಬುದು ನಮ್ಮ ಮನೆಯ ನಂಬಿಕೆ. ಸಾಹೇಬರ ಮನೆಯವರಿಗೆ ಇಲ್ಲ ಅನ್ನುವುದೂ ಆಗದು. ಅಮ್ಮ ಬೆಳಕಿರುವಾಗಲೇ ಒಂದು ಬಟ್ಟಲಲ್ಲಿ ಮೊಸರು ತೆಗೆದು, ಹೊಸಿಲಾಚೆ ಮುಚ್ಚಿಟ್ಟು, ಕೊಟ್ಟಾಯಿತು ಎಂದು ದೇವರಿಗೆ ಹೇಳಿಬಿಡುತ್ತಿದ್ದಳು. ಲಕ್ಷ್ಮಿಯ ಸಮಸ್ಯೆ ಬಗೆಹರಿಯಿತು. ಕಾಲಿನದು ಬಗೆಹರಿಯಲಿಲ್ಲ.

ಅವರು ನಿಂತಿರುವಾಗ ಅಮ್ಮ ಕೂತರೆ ಸದರವಾಯಿತು. ಅವರು ಕೂತರೆ ಫಿಟ್ಟರ್ ಮನೆಗೆ ಟೀವಿ ನೋಡಲೆಂದೇ ಬಂದಂತಾಯಿತು. ಪರದೆಯ ಮೇಲೆ ಶ್ರೀಮಂತರ ಸೊಸೆ ಸೋಫಾದಲ್ಲಿ ಕೂತು ಅಳುತ್ತಿದ್ದಳು. ನಾವು ನಾಲ್ವರೂ ರಾಷ್ಟ್ರಗೀತೆಗೆ ನಿಂತ ಹಾಗೆ ನಿಂತು ನೋಡುತ್ತಿದ್ದೆವು. ತಿಂಗಳಾಗುವಷ್ಟರಲ್ಲಿ ಅಮ್ಮನ ಕಾಲು ಊದತೊಡಗಿತು. ನನಗೆ ಸಿಟ್ಟು ಬಂತು.

"ನಮ್ಮನೇಲಿ ನಾವು ಕೂರಕ್ಕೆ ಯಾರ ಪರ್ಮಿಷನ್ ಬೇಕು?" ಎಂದೆ.

"ಸುಮ್ನಿರೇ. ಬೆಳಗಾದ್ರೆ ಸಾಹೇಬ್ರ ಮುಖ ನೋಡ್ಬೇಕಾದೋನು ನಾನು" ಎಂದ ಅಪ್ಪ, ಅಮ್ಮನ ಕಡೆ ತಿರುಗಿ, "ಟೀವಿ ಕೆಟ್ಟಿದೆ ಅಂದ್ಬಿಡು ಮಾರಾಯ್ತಿ" ಎಂದು ಉಪಾಯ ಹೇಳಿಕೊಟ್ಟ.

"ಆಮೇಲೆ ನಾನೇನು ನೋಡ್ಲಿ?" ಎಂದಳು ಅಮ್ಮ.

ಆ ಗುರುವಾರ ಮಲವಗೊಪ್ಪದ ಹೂವಿನವಳು ಬಂದಾಗ ಅಮ್ಮ ಕಟ್ಟಿದ ಹೂ ಬಿಟ್ಟು ಒಂದು ಬುಟ್ಟಿ ಬಿಡಿ ಕನಕಾಂಬರ ಕೊಂಡಳು. ಇಷ್ಟು ಹೂ ಯಾರ ತಲೆಗೆ ಎಂದು ಕೇಳಿದರೆ ಬಾಳೆನಾರು ನೆನೆಹಾಕಲು ಹೋದಳು. ಏಳಕ್ಕೆ ಅವರು ಬಂದ ಕೂಡಲೇ ಅಮ್ಮ ಬುಟ್ಟಿಯನ್ನು ಚಾಪೆಯ ಮೇಲೆ ಸುರಿದಳು.

"ಅಮ್ಮಾವ್ರೇ, ನಾಳೆ ಶುಕ್ರವಾರ, ದೇವಸ್ಥಾನಕ್ಕೆ ಹೂ ಕೊಡ್ತೀನಿ ಅಂದ್ಬಿಟ್ಟಿದೀನಿ. ನನ್ನೊಬ್ಬಳ ಕೈಲಿ ಆಗ್ತಿಲ್ಲ. ನಿಮಗೆ ಕಟ್ಟಕ್ಕೆ ಬರುತ್ತಾ?"

ದೇವಸ್ಥಾನಗಳ ಬೀದಿಯಲ್ಲಿ ಬೆಳೆದವರಿಗೆ ಕೇಳುವ ಪ್ರಶ್ನೆಯೇ ಅದು? ದೇವರ ಹೂವಿಗೆ ಒಲ್ಲೆ ಅನ್ನಲಾಗದು, ಬಾಳೆನಾರು ಹಿಡಿದು ನಿಂತೇ ಹೂ ಕಟ್ಟಲೂ ಆಗದು. ಅವರು ಸೆರಗು ಸಿಕ್ಕಿಸಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಮ್ಮ ಉಸ್ಸೆಂದು ಪಕ್ಕದಲ್ಲಿ ಕೂತಳು. ಅಪ್ಪ ಮಾತ್ರ ನಿಂತೇ ಇದ್ದ, ಅವನಿಗೆ ಹೂ ಕಟ್ಟಲು ಬರುತ್ತಿರಲಿಲ್ಲ.

ಆಮೇಲೆ ದಿನಕ್ಕೊಂದು ಕೆಲಸ ಹುಟ್ಟಿಕೊಂಡಿತು. ಒಂದು ದಿನ ಅವರೆಕಾಯಿ ಸುಲಿಯುವುದು, ಇನ್ನೊಂದು ದಿನ ಬತ್ತಿ ಹೊಸೆಯುವುದು. ಕೆಲಸಕ್ಕೆ ಕೂತವರಲ್ಲಿ ಮೇಲು ಕೀಳು ಹುಡುಕುವವರಿಲ್ಲ, ಕೂತ ಮೇಲೆ ಕೈ ನಿಂತುಹೋದರೂ ಕೇಳುವವರಿಲ್ಲ. ಧಾರಾವಾಹಿಯ ಕೆಟ್ಟ ಅತ್ತೆ ಬಂದಾಗ ಇಬ್ಬರೂ ಸೇರಿ ಬೈಯುತ್ತಿದ್ದರು. ಓದಿದವರ ಬೈಗುಳವೇ ಹೆಚ್ಚು ಖಾರವಾಗಿತ್ತು.

ಮುಂದಿನ ವರ್ಷ ಬಂಗಲೆಗಳಿಗೂ ಕೇಬಲ್ ಬಂತು. ಅವರು ಬರುವುದು ನಿಂತಿತು. ಚಾಪೆಯೆಲ್ಲ ಈಗ ಅಮ್ಮನದೇ, ಆದರೂ ಏಳು ಗಂಟೆಯಾದರೆ ಬಾಗಿಲ ಕಡೆ ನೋಡುತ್ತಿದ್ದಳು. ಅವಳಿಗೆ ಬೇಜಾರಾಗಿತ್ತು, ನನಗೂ. ಕೆಲವು ದಿನ ಕಳೆದು ಬಂಗಲೆಯ ಮಾಲಿ ಬಂದು, ಹುಣಿಸೆಹಣ್ಣಿನ ಬೀಜ ತೆಗೆಯುವುದಿದೆಯಂತೆ, ಸಂಜೆ ಏಳಕ್ಕೆ ಬರಬೇಕಂತೆ ಎಂದು ಹೇಳಿ ಹೋದ.

ಅಮ್ಮ ಒಳ್ಳೆಯ ಸೀರೆ ಉಟ್ಟು ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ಸೋಫಾ ಇತ್ತು. ಅಮ್ಮ ಅದರ ಕಡೆ ನೋಡದೆ ನೆಲಕ್ಕೆ ಕೂತಳು, ಅವರೂ ಬಂದು ಪಕ್ಕದಲ್ಲೇ ಕೂತರು. ಧಾರಾವಾಹಿ ಅರ್ಧವಾಗಿರುವಾಗ ಸಾಹೇಬರು ಡ್ಯೂಟಿ ಮುಗಿಸಿ ಒಳಗೆ ಬಂದರು. ಅಮ್ಮ ಏಳಲು ನೆಲಕ್ಕೆ ಕೈಯೂರಿದಳು. ಸಾಹೇಬರ ಹೆಂಡತಿ ಟೀವಿಯಿಂದ ಕಣ್ಣು ತೆಗೆಯದೆ ಅಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದರು.

"ರೀ, ಅಡ್ವರ್ಟೈಸ್‌ಮೆಂಟ್ ಬಂದಾಗ ಕಾಫಿ ಕೊಡ್ತೀನಿ. ಸ್ವಲ್ಪ ಆಚೆ ನಿಂತ್ಕೊಳ್ಳಿ, ಇವರಿಗೆ ಕಾಣ್ತಿಲ್ಲ."

ಸಾಹೇಬರು ಪಕ್ಕಕ್ಕೆ ಸರಿದು ಗೋಡೆಯ ಬಳಿ ನಿಂತರು. ಅಮ್ಮ ಕೂತೇ ಇದ್ದಳು.

ಇದನ್ನು ಅಪ್ಪನಿಗೆ ಹೇಳಬಾರದೆಂದು ದಾರಿಯುದ್ದಕ್ಕೂ ನನ್ನಿಂದ ಆಣೆ ಹಾಕಿಸಿಕೊಂಡಳು. ಮನೆಯೊಳಗೆ ಕಾಲಿಟ್ಟ ಕೂಡಲೇ ತಾನೇ ಹೇಳಿಬಿಟ್ಟಳು.